ಬೇಕಾದ ಬೇಸ್ ಗಿಟಾರ್ ಯಾರೂ ಮಾಡುತ್ತಿಲ್ಲ, ಬಿಡಿಭಾಗ ತರಿಸಿ ಜೋಡಿಸಲಾ?

ಪ್ರಶ್ನೆ: ಸರ್, ನಾನು ಕಾರವಾರದ ಕೋಡಿಬಾಗದವನು. ಭಾನುವಾರ ಚರ್ಚಿನಲ್ಲಿ, ಹಬ್ಬದ ದಿನಗಳಲ್ಲಿ ರಸಮಂಜರಿ ತಂಡದಲ್ಲಿ ಬೇಸ್ ಗಿಟಾರ್ ನುಡಿಸುತ್ತೇನೆ. ಇಷ್ಟು ದಿನ ಗೆಳೆಯನ ಜಾಝ್ ಬೇಸ್ (ಫೆಂಡರ್ ಕಂಪನಿಯ ಮಾದರಿ) ಎರವಲು ತಂದು ನಡೆಸಿದೆ. ಅವನು ದುಬೈಗೆ ಹೋಗುವಾಗ ಅದನ್ನೂ ಒಯ್ದ. ನನ್ನ ಕೈ ಚಿಕ್ಕದು, ಅದರ ಸಪೂರ ನೆಕ್ಕಿಗೆ (ಬೆರಳು ಒತ್ತುವ ಉದ್ದ ಕೋಲು) ಒಗ್ಗಿಹೋಗಿದೆ. ಆದರೆ ದನಿ ಫೆಂಡರಿನ ಇನ್ನೊಂದು ಮಾದರಿ ಪ್ರಿಸಿಷನ್ ಬೇಸಿನದ್ದೇ ಬೇಕು. ಜೊತೆಗೆ ಬ್ರಿಡ್ಜ್ (ತಂತಿಯ ಕೆಳತುದಿ ಕೂರುವ ಲೋಹದ ಭಾಗ) ಹತ್ತಿರ ಒಂದು ಜಾಝ್ ಪಿಕಪ್ (ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಭಾಗ) ಇರಬೇಕು, ಬ್ಯಾಟರಿ ಬೇಡ, ಬಣ್ಣ ತಿಳಿಹಸಿರು. 40,000 ರೂಪಾಯಿಯೊಳಗೆ ಇದೆಲ್ಲ ಇರುವ ಒಂದೂ ಗಿಟಾರ್ ಇಲ್ಲ. ಒಂದಿದ್ದರೆ ಇನ್ನೊಂದಿಲ್ಲ. ಕಂಪನಿಯವರಿಗೆ ಇದು ಯಾಕೆ ಹೊಳೆಯುವುದಿಲ್ಲ? ನೆಕ್, ಬಾಡಿ, ಪಿಕಪ್ ಎಲ್ಲ ಬಿಡಿಬಿಡಿಯಾಗಿ ತರಿಸಿ ನಾನೇ ಜೋಡಿಸಿದರೆ ಹೇಗೆ? ಯಲ್ಲಾಪುರದ ಅಜ್ಜನ ಮನೆ ಇಳಿಸಿದಾಗ ಉಳಿದ ಬೀಟೆ ತೊಲೆಯೂ ಒಂದಿದೆ, ಅದರಲ್ಲಿ ಬಾಡಿ ಮಾಡಿಸಬಹುದಾ?

ಉತ್ತರ: ನಿಮ್ಮ ಪಟ್ಟಿ ಓದುತ್ತ ನಗು ಬಂತು, ತಪ್ಪು ತಿಳಿಯಬೇಡಿ. ಇಪ್ಪತ್ತು ವರ್ಷದ ಹಿಂದೆ ನನ್ನ ಜೇಬಿನಲ್ಲೂ ಇಂಥದೇ ಚೀಟಿ ಇತ್ತು, ಬಣ್ಣ ಮಾತ್ರ ಬೇರೆ. ಆ ಚೀಟಿಯಿಂದ ಹುಟ್ಟಿದ ಬೇಸ್ ಇವತ್ತಿಗೂ ಶಿರಸಿಯಲ್ಲಿ ನನ್ನ ರಿಪೇರಿ ಮೇಜಿನ ಹಿಂದೆ ಗೋಡೆಗೆ ನೇತಾಡುತ್ತಿದೆ. ಅದನ್ನು ನುಡಿಸುವುದು ಕಡಿಮೆ. ಜೋಡಿಸಲು ಹೊರಟವರು ಬಂದಾಗ ಇಳಿಸಿ ತೋರಿಸುತ್ತೇನೆ.

ನೇರ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಬಜೆಟ್ಟಿಗೆ, ನಮ್ಮ ಕಡಲ ಹವೆಗೆ, ಅದೂ ಮೊದಲ ಸ್ವಂತ ಗಿಟಾರಿಗೆ, ಪೂರ್ತಿ ಬಿಡಿಭಾಗದಿಂದ ಜೋಡಿಸುವುದು ಬೇಡ. ಕಾರ್ಖಾನೆಯಲ್ಲಿ ತಯಾರಾದ ಒಂದು ಪಿ-ಜೆ ಬೇಸ್, ಅಂದರೆ ಪ್ರಿಸಿಷನ್ ಪಿಕಪ್ಪೂ ಜಾಝ್ ಪಿಕಪ್ಪೂ ಇರುವಂಥದ್ದು, ಕೊಳ್ಳಿ. ಅದರಲ್ಲಿ ಬಿಚ್ಚಿ ಹಾಕಲು ಬರುವುದನ್ನಷ್ಟೇ ನಿಮಗೆ ಬೇಕಾದ ಹಾಗೆ ಬದಲಿಸಿಕೊಳ್ಳಿ. ಯಾಕೆ ಅನ್ನುವುದಕ್ಕೆ ಸ್ವಲ್ಪ ಉದ್ದ ಬರೆಯಬೇಕಾಗುತ್ತದೆ.

ಕಂಪನಿಯವರಿಗೆ ಹೊಳೆದಿಲ್ಲ ಅಂತೇನಿಲ್ಲ. ನೀವು ಕೇಳುತ್ತಿರುವ ಗಿಟಾರನ್ನು ಫೆಂಡರ್ 1980ರ ದಶಕದಲ್ಲೇ ಜಪಾನಿನಲ್ಲಿ ಮಾಡಿಸಿತ್ತು. ಹೆಸರು ಜಾಝ್ ಬೇಸ್ ಸ್ಪೆಷಲ್. ಪ್ರಿಸಿಷನ್ ಆಕಾರದ ಬಾಡಿ, ಜಾಝ್ ನೆಕ್, ಒಂದು ಪಿ ಪಿಕಪ್, ಒಂದು ಜೆ ಪಿಕಪ್. ಗನ್ಸ್ ಎನ್ ರೋಸಸ್ ತಂಡದ ಡಫ್ ಮೆಕೆಗನ್ ಕೈಯಲ್ಲಿ ಇದ್ದದ್ದು ಅದೇ. ಅದಕ್ಕೂ ಹಿಂದೆ ಹೋದರೆ, 1960ರ ದಶಕದಲ್ಲಿ ಫೆಂಡರ್ ನೆಕ್ಕಿನ ಅಗಲಕ್ಕೆ ಅಕ್ಷರದ ಗುರುತು ಇಟ್ಟಿತ್ತು: ಎ ಅಂದರೆ ನಟ್ (ನೆಕ್ಕಿನ ಮೇಲ್ತುದಿಯಲ್ಲಿ ತಂತಿ ಕೂರುವ ಸಣ್ಣ ಪಟ್ಟಿ) ಹತ್ತಿರ ಒಂದೂವರೆ ಇಂಚು, ಬಿ ಅಂದರೆ ಒಂದೂ ಐದೆಂಟಾಂಶ, ಸಿ ಅಂದರೆ ಒಂದೂ ಮುಕ್ಕಾಲು. ಪ್ರಿಸಿಷನ್ನಿಗೆ ಎ ನೆಕ್ ಹಾಕಿಸಿಕೊಂಡವರು ಆ ಕಾಲದಲ್ಲೇ ಇದ್ದರು. ನಿಮ್ಮ ಆಸೆ ಹೊಸದಲ್ಲ, ಅರವತ್ತು ವರ್ಷ ಹಳೆಯದು.

ಹಾಗಾದರೆ ಅಗ್ಗದ ಮಾಲಿನಲ್ಲಿ ಅದು ಯಾಕಿಲ್ಲ? ಅಂಗಡಿಯವನ ಕಡೆಯಿಂದ ನೋಡಿ. ಎರಡು ಅಗಲದ ನೆಕ್, ಮೂರು ಥರದ ಪಿಕಪ್ ಜೋಡಣೆ, ಐದು ಬಣ್ಣ ಅಂದರೆ ಒಂದೇ ಗಿಟಾರಿಗೆ ಮೂವತ್ತು ಬಗೆ. ಮೂವತ್ತನ್ನೂ ಗೋದಾಮಿನಲ್ಲಿ ಇಡುವವರು ಯಾರು? ಬೇಸ್ ನುಡಿಸುವವರೇ ಕಡಿಮೆ, ಅದರಲ್ಲೂ ಬಹುಪಾಲು ಜನ ಅಂಗಡಿಗೆ ಬಂದು ಕೇಳುವುದು "ಅದೇ ಹಳೇದರ ಹಾಗಿರೋದು ಕೊಡಿ" ಅಂತ. ದುಬಾರಿ ಗಿಟಾರಿನಲ್ಲಿ ಒಂದೊಂದಕ್ಕೂ ಲಾಭ ಹೆಚ್ಚು, ಅಲ್ಲಿ ಬೆರಕೆ ಮಾಡಿ ನೋಡುತ್ತಾರೆ. ಕಡಿಮೆ ಬೆಲೆಯದ್ದರಲ್ಲಿ ಮಾರಾಟವಾಗುವುದು ಖಾತ್ರಿ ಇರುವುದನ್ನೇ ಕೊರೆದು ಕೊರೆದು ಗುಡ್ಡೆ ಹಾಕುತ್ತಾರೆ. ಈಚೆಗೆ ಫೆಂಡರಿನದ್ದೇ ಅಗ್ಗದ ಬ್ರ್ಯಾಂಡ್ ಆದ ಸ್ಕ್ವಾಯರ್‌ನವರು ಪ್ಯಾರಾನಾರ್ಮಲ್ ಅಂತ ಒಂದು ಸಾಲು ತಂದು ಅದರಲ್ಲಿ ಚಿತ್ರವಿಚಿತ್ರ ಬೆರಕೆಗಳನ್ನು ಬಿಡುತ್ತಿದ್ದಾರೆ, ಕಣ್ಣಿಟ್ಟಿರಿ. ಆದರೆ ನಿಮ್ಮ ಚೀಟಿಯಲ್ಲಿ ಇದ್ದದ್ದೇ ಬರುತ್ತದೆ ಅಂತ ಕಾಯುತ್ತ ಕೂತರೆ ಎಷ್ಟು ಹಬ್ಬ ಕಳೆದುಹೋಗುತ್ತವೋ.

ಈಗ ಆ ಚೀಟಿಯನ್ನು ಒಮ್ಮೆ ಎದುರಿಗಿಟ್ಟುಕೊಳ್ಳಿ. ಒಂದೊಂದು ಬೇಡಿಕೆಯ ಮುಂದೂ "ಮರ" ಅಥವಾ "ಸ್ಕ್ರೂ" ಅಂತ ಬರೆಯಿರಿ. ನೆಕ್ಕಿನ ಅಗಲ, ಅದರ ಹಿಂಬದಿಯ ಉಬ್ಬು, ಫ್ರೆಟ್ (ನೆಕ್ಕಿನ ಮೇಲಿನ ಅಡ್ಡ ಲೋಹದ ಪಟ್ಟಿ) ಕೆಲಸ, ಸ್ಕೇಲ್ (ನಟ್‌ನಿಂದ ಬ್ರಿಡ್ಜಿನವರೆಗೆ ತಂತಿಯ) ಉದ್ದ, ನೆಕ್ಕೂ ಬಾಡಿಯೂ ಕೂಡುವ ಜಾಗ: ಇವು ಮರ. ಪಿಕಪ್, ಬ್ರಿಡ್ಜ್, ಕಿವಿಗಳು (ಶ್ರುತಿ ತಿರುಪುಗಳು), ಪಾಟ್ (ವಾಲ್ಯೂಮ್, ಟೋನ್ ತಿರುಗಿಸುವ ಭಾಗ), ಜ್ಯಾಕ್, ತಂತಿ: ಇವು ಸ್ಕ್ರೂ. ಕಾರ್ಖಾನೆಯ ಯಂತ್ರ ಕಡಿಮೆ ಖರ್ಚಿನಲ್ಲಿ ಚೊಕ್ಕಟವಾಗಿ ಮಾಡುವುದು ಮರದ ಕೆಲಸವನ್ನು. ನಾವು ಮನೆಯಲ್ಲಿ ಕೂತು ತಪ್ಪು ಮಾಡುವುದೂ, ದುಡ್ಡು ಕಳೆಯುವುದೂ ಅಲ್ಲೇ. ಸ್ಕ್ರೂ ಕೆಲಸ ಹಾಗಲ್ಲ. ಒಂದು ಸ್ಕ್ರೂಡ್ರೈವರ್, ಒಂದು ಸೋಲ್ಡರಿಂಗ್ ಕಡ್ಡಿ, ಒಂದು ಮಧ್ಯಾಹ್ನ ಸಾಕು. ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು.

ಬಣ್ಣ ಯಾವ ಕಡೆಗೆ ಅಂತೀರಾ? ಸ್ಕ್ರೂ ಕಡೆಗೇ. 1960ರ ದಶಕದಲ್ಲಿ ಫೆಂಡರ್ ಹಚ್ಚುತ್ತಿದ್ದ ವಿಶೇಷ ಬಣ್ಣಗಳು ಡ್ಯೂಪಾಂಟ್ ಕಂಪನಿಯ ಕಾರು ಬಣ್ಣಗಳೇ. ಇವತ್ತಿಗೂ ಕಾರಿಗೆ ಬಣ್ಣ ಹೊಡೆಯುವ ಗ್ಯಾರೇಜಿನವರು ನಿಮ್ಮ ಬಾಡಿಗೂ ಹೊಡೆದುಕೊಡುತ್ತಾರೆ (ಗಿಟಾರ್ ಬಾಡಿಗೆ ಅಂತ ಬಿಡಿಸಿ ಹೇಳಿ, ಇಲ್ಲದಿದ್ದರೆ ಬಾಡಿಗೆ ಗಾಡಿ ಅಂದುಕೊಳ್ಳುತ್ತಾರೆ). ನೆಕ್ ಕೂರುವ ಗುಳಿಗೆ ಮಾತ್ರ ಟೇಪ್ ಸುತ್ತಿ ಕೊಡಿ. ಅಲ್ಲಿ ನಾಲ್ಕು ಕೋಟ್ ಬಣ್ಣ ಕೂತರೆ ನೆಕ್ ಒಳಗೆ ಹೋಗುವುದಿಲ್ಲ. ಒತ್ತಿ ಕೂರಿಸಿದರೆ ಅಂಚಿನ ಬಣ್ಣ ಚಕ್ಕೆ ಏಳುತ್ತದೆ.

ಇಷ್ಟಕ್ಕೂ ಬಿಡಿಭಾಗದ ಗಿಟಾರ್ ಅನ್ನುವ ಯೋಚನೆ ಬಂದದ್ದೇ ಒಬ್ಬ ರೇಡಿಯೋ ರಿಪೇರಿಯವನಿಂದ. ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲರ್ಟನ್‌ನಲ್ಲಿ ರೇಡಿಯೋ ಅಂಗಡಿ ಇಟ್ಟುಕೊಂಡಿದ್ದವರು. ಕೆಟ್ಟ ಭಾಗ ತೆಗೆದು ಹೊಸದು ಹಾಕುವುದು ಅವರ ಕಸುಬಿನ ಬುದ್ಧಿ. ಅದಕ್ಕೇ 1951ರ ಪ್ರಿಸಿಷನ್ ಬೇಸಿನಲ್ಲಿ ನೆಕ್ಕನ್ನು ಅಂಟಿಸಲಿಲ್ಲ, ನಾಲ್ಕು ಸ್ಕ್ರೂ ಹಾಕಿ ಬಿಗಿದರು. 1960ರಲ್ಲಿ ಜಾಝ್ ಬೇಸ್ ಬಂದಾಗಲೂ ಅದೇ ಪದ್ಧತಿ. ನೆಕ್ಕಿನ ಹಿಮ್ಮಡಿಯ ಅಗಲ ಎರಡರಲ್ಲೂ ಎರಡೂವರೆ ಇಂಚು, ಅಂದರೆ 63.5 ಮಿಲಿಮೀಟರ್. ನಟ್ ಹತ್ತಿರ ಒಂದು ಅಗಲ, ಒಂದು ಸಪೂರ. ಬಾಡಿಯ ಗುಳಿಯಲ್ಲಿ ಕೂರುವ ಕಡೆ ಎರಡೂ ಒಂದೇ. ಈ ಒಂದು ಅಳತೆ ನೆನಪಿಟ್ಟುಕೊಳ್ಳಿ, ಮುಂದೆ ನಿಮಗೆ ಕೆಲಸಕ್ಕೆ ಬರುತ್ತದೆ.

ಈಗ ನನ್ನ ಗೋಡೆಯ ಮೇಲಿನ ಗಿಟಾರ್. ನೆಕ್ ಒಂದು ಕಡೆಯದು, ಬಾಡಿ ಇನ್ನೊಂದು ಕಡೆಯದು. ಆಗ ಇಲ್ಲಿ ಕೇಳುವವರೂ ಇರಲಿಲ್ಲ, ಹೇಳುವವರೂ ಇರಲಿಲ್ಲ. ಬ್ರಿಡ್ಜಿಗೆ ತೂತು ಕೊರೆಯಬೇಕಿತ್ತು. ಜುಲೈ ತಿಂಗಳು, ಕರೆಂಟು ಇರಲಿಲ್ಲ, ಕಂದೀಲು ಹಚ್ಚಿಕೊಂಡು ಕೂತಿದ್ದೆ. 34 ಇಂಚಿನ ಸ್ಕೇಲ್ ಅಂತ ಪುಸ್ತಕದಲ್ಲಿ ಓದಿದ್ದೆ. ಟೇಪ್ ಹಿಡಿದು ನಟ್‌ನಿಂದ ಸರಿಯಾಗಿ 34 ಇಂಚು ಅಳೆದು, ಬ್ರಿಡ್ಜಿನ ಹಿಂದಿನ ಅಂಚನ್ನು ಅಲ್ಲಿಗೆ ತಂದು ಐದು ತೂತು ಹೊಡೆದೆ. ತಂತಿ ಕಟ್ಟಿದೆ. ಬಿಡಿ ತಂತಿ ಶ್ರುತಿಯಲ್ಲಿದೆ, ಹನ್ನೆರಡನೇ ಫ್ರೆಟ್ ಒತ್ತಿದರೆ ಸ್ವರ ಮೇಲಕ್ಕೆ ಹೋಗುತ್ತದೆ. ಸ್ಯಾಡಲ್‌ಗಳನ್ನು (ಬ್ರಿಡ್ಜಿನ ಮೇಲೆ ತಂತಿ ಕೂರುವ ಪುಟ್ಟ ತುಂಡುಗಳು) ಹಿಂದಕ್ಕೆ ಎಳೆದೆ, ಎಳೆದೆ, ಕೊನೆಗೆ ಸ್ಪ್ರಿಂಗ್ ಪೂರಾ ಅದುಮಿಹೋಯಿತು. ಎಲ್ಲಕ್ಕಿಂತ ದಪ್ಪದ ಇ ತಂತಿ ಇನ್ನೂ ಸರಿಯಾಗಲಿಲ್ಲ.

ಆಮೇಲೆ ಗೊತ್ತಾದದ್ದು: ಅಳೆಯಬೇಕಾದದ್ದು ಬ್ರಿಡ್ಜಿನ ಅಂಚಿಗಲ್ಲ, ತಂತಿ ಕೂರುವ ಸ್ಯಾಡಲ್ಲಿಗೆ. ನಟ್‌ನಿಂದ ಹನ್ನೆರಡನೇ ಫ್ರೆಟ್ಟಿನವರೆಗೆ ಅಳೆದು ಅದರ ಎರಡರಷ್ಟು ಹಿಡಿಯಬೇಕು, 431.8ರ ಎರಡರಷ್ಟು 863.6 ಮಿಲಿಮೀಟರ್. ಅಷ್ಟು ದೂರದಲ್ಲಿ ಎಲ್ಲಕ್ಕಿಂತ ತೆಳುವಾದ ಜಿ ತಂತಿಯ ಸ್ಯಾಡಲ್ ಬರಬೇಕು. ದಪ್ಪ ಇ ತಂತಿಯದ್ದು ಅದಕ್ಕಿಂತ ನಾಲ್ಕೈದು ಮಿಲಿಮೀಟರ್ ಹಿಂದೆ ಹೋಗಬೇಕು, ಅದಾದ ಮೇಲೂ ಸ್ವಲ್ಪ ಜಾಗ ಉಳಿದಿರಬೇಕು. ಐದು ತೂತಿಗೂ ತೇಗದ ಗೂಟ ಹೊಡೆದು, ಅಂಟಿಸಿ, ಒಣಗಿಸಿ ಮತ್ತೆ ಕೊರೆದೆ. ಹೊಸ ತೂತು ಕೊರೆಯುವಾಗ ಡ್ರಿಲ್ ಗೂಟದ ಕಡೆಗೇ ಜಾರಿತು. ಬ್ರಿಡ್ಜ್ ಒಂದೂವರೆ ಮಿಲಿಮೀಟರ್ ಓರೆ. ನನ್ನ ಬಳಿ ಬಂದವರಿಗೆ ಇವತ್ತಿಗೂ ಅದನ್ನು ಬೆರಳಿಟ್ಟು ತೋರಿಸುತ್ತೇನೆ.

ಇದು ನನ್ನ ತಪ್ಪು, ಭಾಗಗಳದ್ದಲ್ಲ. ಭಾಗಗಳದ್ದೇ ತಪ್ಪಿರುವುದೂ ಉಂಟು. ಹೋದ ವರ್ಷ ಕುಮಟೆಯಿಂದ ಒಬ್ಬರು ಹೆಸರಿಲ್ಲದ ಆನ್‌ಲೈನ್ ಬಾಡಿಯೂ ಬೇರೆಲ್ಲಿಂದಲೋ ತರಿಸಿದ ನೆಕ್ಕೂ ಸೇರಿಸಿ ಜೋಡಿಸಿದ್ದ ಬೇಸ್ ತಂದರು. ದೂರು ಏನೆಂದರೆ, ಹದಿನೈದನೇ ಫ್ರೆಟ್ ಆಚೆಗೆ ಜಿ ತಂತಿ ಬೆರಳಿನಡಿಯಿಂದ ಜಾರಿ ನೆಕ್ಕಿನ ಆಚೆ ಬೀಳುತ್ತದೆ. ಆಚಾರಿಗಳು ನೂಲು ಹಿಡಿಯುತ್ತಾರಲ್ಲ, ಹಾಗೆ ಇ ತಂತಿಯ ಮೇಲಿಂದ ಒಂದು ಕಣ್ಣು ಮುಚ್ಚಿ ನೋಡಿದೆ. ನೆಕ್ ಇಡಿಯಾಗಿ ಒಂದು ಕಡೆಗೆ ತಿರುಗಿತ್ತು. ಗುಳಿಯ ಪಕ್ಕದಲ್ಲಿ ವಿಸಿಟಿಂಗ್ ಕಾರ್ಡ್ ತೂರಿಸಿದೆ, ಒಂದು ಹೋಯಿತು, ಎರಡು ಹೋಯಿತು, ನಾಲ್ಕನೆಯದೂ ಹೋಯಿತು. ಒಳ್ಳೆಯ ಜೋಡಣೆಯಲ್ಲಿ ಒಂದೂ ಹೋಗಬಾರದು. ಇಂಥ ಕಡೆ ಸ್ವಲ್ಪವೇ ಓರೆ ಇದ್ದರೆ ಸುಲಭದ ಮದ್ದು ಇದೆ: ತಂತಿ ಬಿಗಿಯಾಗಿದ್ದ ಹಾಗೇ ನಾಲ್ಕು ಸ್ಕ್ರೂಗಳನ್ನೂ ಅರ್ಧ ಸುತ್ತು ಸಡಿಲಿಸಿ, ನೆಕ್ಕನ್ನು ಎದುರು ದಿಕ್ಕಿಗೆ ತಳ್ಳಿದರೆ "ಟಕ್" ಅಂತ ಕೂರುತ್ತದೆ, ಹಾಗೇ ಹಿಡಿದು ಮತ್ತೆ ಬಿಗಿದುಬಿಡುವುದು. ಇಲ್ಲಿ ಅದೂ ನಿಲ್ಲಲಿಲ್ಲ. ತೆಳು ಮರದ ಹಾಳೆ ಕತ್ತರಿಸಿ ಗುಳಿಯ ಗೋಡೆಗೆ ಅಂಟಿಸಿ, ನೆಕ್ಕಿನ ನಾಲ್ಕು ತೂತು ಮುಚ್ಚಿ ಹೊಸದಾಗಿ ಕೊರೆಯಬೇಕಾಯಿತು. ಅವರು ಭಾಗಗಳಿಗೆ ಕೊಟ್ಟ ಹಣ, ಕೊರಿಯರ್, ನನ್ನ ಮಜೂರಿ ಕೂಡಿಸಿದರೆ ಒಂದು ಒಳ್ಳೆಯ ಹೊಸ ಗಿಟಾರೇ ಬರುತ್ತಿತ್ತು. ಹೇಳಲಿಲ್ಲ. ಅವರಿಗೇ ಗೊತ್ತಿತ್ತು.

ಹಾಗಾದರೆ ನಂಬಿಕಸ್ಥರ ಭಾಗಗಳನ್ನೇ ತರಿಸಿದರೆ? ಅಮೆರಿಕದ ವಾರ್ಮೋತ್‌ನಂಥವರು ಫೆಂಡರ್‌ನ ಪರವಾನಗಿ ಪಡೆದು ನೆಕ್, ಬಾಡಿ ಮಾಡುತ್ತಾರೆ. ಮಾಲು ಅಪ್ಪಟ. ನಟ್ ಅಗಲ, ಫ್ರೆಟ್ ದಪ್ಪ, ಹಿಂಬದಿಯ ಆಕಾರ ಎಲ್ಲ ನೀವು ಹೇಳಿದ ಹಾಗೆ. ಆದರೆ ನೆಕ್ ಒಂದೇ ನಿಮ್ಮ ಬಜೆಟ್ಟಿನ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ಅದರ ಮೇಲೆ ಹಡಗಿನದೋ ವಿಮಾನದ್ದೋ ಸಾಗಣೆ, ಕಸ್ಟಮ್ಸ್ ಸುಂಕ, ಜಿಎಸ್‌ಟಿ, ಕೊರಿಯರಿನವರು ಬಾಗಿಲಲ್ಲಿ ನಿಂತು ಕೇಳುವ ಶುಲ್ಕ. ಬಾಡಿ ಸೇರಿದರೆ ಬಜೆಟ್ ಮುಗಿದು ಸಾಲ ಶುರು. ಇನ್ನೂ ಬ್ರಿಡ್ಜ್, ಕಿವಿಗಳು, ಪಿಕಪ್, ಪಾಟ್, ನಾಬ್ ಬರಬೇಕು. ಇವುಗಳಲ್ಲಿ ಒಂದಕ್ಕೊಂದು ಕೂಡದ ಜಾತಿಗಳಿವೆ. ಏಷ್ಯಾದ ಪಾಟ್ ಮಿಲಿಮೀಟರ್ ಲೆಕ್ಕದ್ದು, ಅಮೆರಿಕದ್ದು ಇಂಚಿನ ಲೆಕ್ಕದ್ದು. ಒಂದರ ದಂಡ ಇನ್ನೊಂದರ ತೂತಿಗೆ ಹಿಡಿಸುವುದಿಲ್ಲ, ಒಂದರ ನಾಬ್ ಇನ್ನೊಂದರ ಹಲ್ಲಿಗೆ ಕೂರುವುದಿಲ್ಲ. ಜಾಝ್ ಪಿಕಪ್ಪಿನಲ್ಲೂ ನೆಕ್ ಕಡೆಯದಕ್ಕಿಂತ ಬ್ರಿಡ್ಜ್ ಕಡೆಯದು ಎರಡು ಮೂರು ಮಿಲಿಮೀಟರ್ ಉದ್ದ. ನೋಡದೆ ತರಿಸಿದರೆ ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲ ಅಲ್ಲಾಡುತ್ತದೆ. ಇಷ್ಟೆಲ್ಲ ಆಗಿ, ನಾಳೆ ಮಾರಬೇಕು ಅಂದರೆ ಜೋಡಿಸಿದ ಗಿಟಾರಿಗೆ ಭಾಗಗಳ ಒಟ್ಟು ಬೆಲೆಯೂ ಬರುವುದಿಲ್ಲ. ಹೆಡ್‌ಸ್ಟಾಕ್ (ನೆಕ್ಕಿನ ತಲೆ) ಮೇಲೆ ಹೆಸರಿಲ್ಲದ ಗಿಟಾರನ್ನು ಕೊಳ್ಳುವವನು ಅನುಮಾನದಿಂದಲೇ ನೋಡುತ್ತಾನೆ.

ಇದನ್ನೇ ತಿರುಗಿಸಿ ನೋಡಿದರೆ ಒಂದು ಉಪಾಯ ಹೊಳೆಯುತ್ತದೆ. ಬೇರೆಯವರು ಪ್ರೀತಿಯಿಂದ ಜೋಡಿಸಿ, ಆಮೇಲೆ ಬೇಜಾರು ಬಂದು ಮಾರುವ ಗಿಟಾರನ್ನು ನೀವು ಕೊಳ್ಳಿ. ನಷ್ಟ ಅವರದ್ದು. ಗೋವಾ ನಿಮಗೆ ಪಕ್ಕದಲ್ಲೇ ಇದೆ. ಅಲ್ಲಿ ಬ್ಯಾಂಡಿನವರು, ಹಡಗಿನಲ್ಲಿ ನುಡಿಸಿ ಬಂದವರು ಸಾಕಷ್ಟು ಜನ ಇದ್ದಾರೆ. ಮಡಗಾಂವ್ ಕಡೆ ಪರಿಚಯದವರಿದ್ದರೆ ಕಿವಿಗೆ ಹಾಕಿಟ್ಟಿರಿ. ಕೊಳ್ಳುವ ಮೊದಲು ಆ ವಿಸಿಟಿಂಗ್ ಕಾರ್ಡ್ ಪರೀಕ್ಷೆಯೊಂದು ಮಾಡಿ.

ಇನ್ನು ಮಳೆಗಾಲದ ಮಾತು. ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಾಗಿಲು ಚೌಕಟ್ಟೇ ಉಬ್ಬಿ ಚಿಲಕ ಹಾಕಲು ಬಾರದು, ನೆಕ್ಕಿನ ಪಾಡು ಕೇಳಬೇಕೇ? ಮೇಪಲ್ ಮರದ ನೆಕ್ಕಿಗೆ ಮೇಲೆ ಗಟ್ಟಿ ಪದರ ಇಲ್ಲದಿದ್ದರೆ, ಬರೀ ಎಣ್ಣೆ ಸವರಿ ಬಿಟ್ಟಿದ್ದರೆ, ಅದು ತೇವ ಕುಡಿದು ಬಾಗುತ್ತದೆ, ಮಾರ್ಚಿನಲ್ಲಿ ಮತ್ತೆ ಒಣಗಿ ಇನ್ನೊಂದು ಕಡೆಗೆ. ಜೋಡಿಸುವವರು ಬಹುಪಾಲು ಬಣ್ಣವಿಲ್ಲದ ಖಾಲಿ ನೆಕ್ಕನ್ನೇ ತರಿಸುತ್ತಾರೆ, ಅಗ್ಗ ಅಂತ. ಮೇಲಿನ ಲೇಪ ತಾವೇ ಹಚ್ಚುತ್ತಾರೆ, ಅದೂ ಮಳೆಗಾಲದಲ್ಲಿ, ತೇವ ಒಳಗೇ ಉಳಿಯುವ ಹಾಗೆ. ಕಾರ್ಖಾನೆಯ ನೆಕ್ ಪಾಲಿ ಲೇಪದೊಳಗೆ ಸುತ್ತಿಕೊಂಡಿರುತ್ತದೆ, ಅಷ್ಟು ಸುಲಭಕ್ಕೆ ಅಲ್ಲಾಡುವುದಿಲ್ಲ. ಅಲ್ಲಾಡಿದರೂ ಬಾಗು ಸರಿಪಡಿಸಲು ನೆಕ್ಕಿನೊಳಗೆ ಟ್ರಸ್ ರಾಡ್ ಅನ್ನುವ ಕಬ್ಬಿಣದ ಸರಳು ಇದೆ. ಮೊದಲ ಫ್ರೆಟ್ಟನ್ನೂ ಕೊನೆಯ ಫ್ರೆಟ್ಟನ್ನೂ ಒತ್ತಿ ಹಿಡಿದರೆ ಏಳೆಂಟನೇ ಫ್ರೆಟ್ ಹತ್ತಿರ ತಂತಿಯಡಿ ಒಂದು ವಿಸಿಟಿಂಗ್ ಕಾರ್ಡ್ ಮಾತ್ರ ತೂರುವಷ್ಟು, ಸುಮಾರು 0.3 ಮಿಲಿಮೀಟರ್ ಸಂದಿ ಇರಬೇಕು. ಹೆಚ್ಚಾದರೆ ರಾಡನ್ನು ಕಾಲು ಸುತ್ತು ಬಿಗಿಯಿರಿ, ಒಂದು ದಿನ ಬಿಡಿ, ಮತ್ತೆ ನೋಡಿ. ಒಂದೇ ಸಲಕ್ಕೆ ಪೂರ್ತಿ ಸುತ್ತು ತಿರುಗಿಸುವ ಧೈರ್ಯ ಬೇಡ. ಉಪ್ಪುಗಾಳಿಗೆ ಸ್ಯಾಡಲ್ಲಿನ ಸಣ್ಣ ಸ್ಕ್ರೂಗಳೂ ತುಕ್ಕು ಹಿಡಿಯುತ್ತವೆ. ವರ್ಷಕ್ಕೆ ಎರಡು ಸಲ ಬಿಚ್ಚಿ, ಒಂದು ಹನಿ ಮೆಷಿನ್ ಎಣ್ಣೆ ಹಾಕಿ ತಿರುಗಿಸಿಡಿ.

ನೀವು ಕೇಳಿದ ಪಿ-ಜೆ ಜೋಡಣೆಯಲ್ಲಿ ಒಂದು ತೊಡಕಿದೆ, ಅಂಗಡಿಯವರು ಹೇಳುವುದಿಲ್ಲ. 1957ರಿಂದ ಪ್ರಿಸಿಷನ್ನಿನ ಪಿಕಪ್ ಎರಡು ತುಂಡಾಗಿದೆ. ಒಂದರ ಸುತ್ತು ಒಂದು ದಿಕ್ಕು, ಇನ್ನೊಂದರದ್ದು ಎದುರು ದಿಕ್ಕು, ಅಯಸ್ಕಾಂತವೂ ಉಲ್ಟಾ. ಹಾಗಾಗಿ ಕರೆಂಟಿನ ಗುಂಯ್ ಸದ್ದು ಒಂದರಲ್ಲಿ ಬಂದದ್ದು ಇನ್ನೊಂದರಲ್ಲಿ ಕಳೆದುಹೋಗುತ್ತದೆ. ಜಾಝ್ ಬೇಸಿನಲ್ಲಿ ಎರಡು ಪಿಕಪ್ ಪೂರ್ತಿ ತೆರೆದರೆ ಅವೆರಡೂ ಹೀಗೇ ಒಂದನ್ನೊಂದು ಕಳೆಯುತ್ತವೆ. ಪಿ-ಜೆಯಲ್ಲಿ ಮಾತ್ರ ಆ ಒಂಟಿ ಜೆ ಪಿಕಪ್ಪಿಗೆ ಜೊತೆಗಾರ ಇಲ್ಲ. ಅದರ ವಾಲ್ಯೂಮ್ ಏರಿಸಿದಷ್ಟೂ ಗುಂಯ್. ಮನೆಯಲ್ಲಿ ಗೊತ್ತಾಗದು. ಗಣೇಶೋತ್ಸವದ ಪೆಂಡಾಲಿನಲ್ಲಿ, ಜನರೇಟರ್ ಪಕ್ಕ, ಅರ್ಥಿಂಗ್ ಇಲ್ಲದ ಬೋರ್ಡಿನಲ್ಲಿ, ಸುತ್ತ ಸೀರಿಯಲ್ ದೀಪದ ಸರ ಮಿನುಗುತ್ತಿರುವಾಗ ಗೊತ್ತಾಗುತ್ತದೆ. ಹಾಗಾಗಿ ನೀವು ಬದಲಿಸಬೇಕಾದ ಮೊದಲ ಭಾಗ ಆ ಜೆ ಪಿಕಪ್. ಅದೇ ಅಳತೆಯ ಚಿಪ್ಪಿನೊಳಗೆ ಎರಡು ಸುರುಳಿ ಅಡಗಿಸಿದ, ಗುಂಯ್ ಅನ್ನದ ಪಿಕಪ್‌ಗಳು ಸಿಗುತ್ತವೆ. ಅದನ್ನು ಹಾಕುವಾಗಲೇ ಒಳಗಿನ ಗುಳಿಗೆಲ್ಲ ತಾಮ್ರದ ಟೇಪ್ ಅಂಟಿಸಿ, ಅದನ್ನು ಅರ್ಥ್ ತಂತಿಗೆ ಸೇರಿಸಿ, ಬ್ರಿಡ್ಜಿನಡಿಯ ತಂತಿ ಕಡಿದಿಲ್ಲವಾ ನೋಡಿ. ಪಾಟ್ 250 ಕಿಲೋಓಮ್, ಟೋನ್ ಕೆಪಾಸಿಟರ್ 0.047 ಮೈಕ್ರೋಫ್ಯಾರಡ್ ಇರಲಿ. ಇನ್ನೊಂದು: ಪಿ ಪಿಕಪ್ಪಿನ ಸದ್ದು ಜೆಗಿಂತ ಜೋರು, ಬ್ರಿಡ್ಜ್ ಹತ್ತಿರ ತಂತಿಯ ಕಂಪನ ಕಡಿಮೆ. ಪಿಯನ್ನು ಸ್ವಲ್ಪ ಕೆಳಗೆ, ಜೆಯನ್ನು ಸ್ವಲ್ಪ ಮೇಲೆ ಮಾಡಿ ಸರಿತೂಗಿಸಿಕೊಳ್ಳಿ.

ಯಾವುದನ್ನು ಕೊಳ್ಳುವುದು? ಯಮಾಹಾ ಟಿಆರ್‌ಬಿಎಕ್ಸ್ 174, ಯಮಾಹಾ ಬಿಬಿ 234, ಸ್ಕ್ವಾಯರ್ ಅಫಿನಿಟಿ ಪ್ರಿಸಿಷನ್ ಪಿ-ಜೆ. ಮೂರರಲ್ಲೂ ಪಿ-ಜೆ ಪಿಕಪ್, ಮೂರೂ ಪ್ಯಾಸಿವ್, ಬ್ಯಾಟರಿಯ ರಗಳೆ ಇಲ್ಲ. ಮಡಗಾಂವ್‌ಗೋ ಹುಬ್ಬಳ್ಳಿಗೋ ಹೋಗುವಾಗ ಜೇಬಿನಲ್ಲಿ ಒಂದು ಸ್ಟೀಲ್ ಸ್ಕೇಲ್ ಇರಲಿ. ನಟ್ ಹತ್ತಿರ ಅಳೆಯಿರಿ. ಗೆಳೆಯನ ಜಾಝ್ ಬೇಸ್ 38 ಮಿಲಿಮೀಟರ್ ಇದ್ದಿರಬೇಕು, ಅಗಲದ ಪ್ರಿಸಿಷನ್ 41ರಿಂದ 44. ಅಳತೆ ನೋಡಿ ನಿರ್ಧರಿಸಬೇಡಿ, ಅಳತೆಯನ್ನು ಬರೆದಿಟ್ಟುಕೊಂಡು ಕಣ್ಣು ಮುಚ್ಚಿ ಹತ್ತು ನಿಮಿಷ ನುಡಿಸಿ. ಎಷ್ಟೋ ಜನ ಅಗಲ ಅಂತ ದೂರುವುದು ನಿಜಕ್ಕೂ ಹಿಂಬದಿಯ ದಪ್ಪವನ್ನು. ಯಮಾಹಾದ ಕೆಲಸ ನನಗೆ ಹೆಚ್ಚು ಇಷ್ಟ, ಇದ್ದದ್ದು ಇದ್ದ ಹಾಗೆ ಹೇಳಬೇಕಲ್ಲ. ಆದರೂ ನಿಮಗೆ ಸ್ಕ್ವಾಯರ್ ಕಡೆಗೆ ಕೈ ತೋರಿಸುತ್ತೇನೆ, ಒಂದೇ ಕಾರಣಕ್ಕೆ. ಆರು ತಿಂಗಳು ನುಡಿಸಿದ ಮೇಲೂ ನೆಕ್ ಅಗಲ ಅನ್ನಿಸಿದರೆ, ಅದೊಂದನ್ನೇ ತೆಗೆದು ಸಪೂರ ಜಾಝ್ ನೆಕ್ ಹಾಕಿಕೊಳ್ಳುವ ದಾರಿ ತೆರೆದಿರುತ್ತದೆ. ತರಿಸುವ ಮೊದಲು ನೆಕ್ ಬಿಚ್ಚಿ ಹಿಮ್ಮಡಿ ಅಳೆಯಿರಿ, ಆಗ ಹೇಳಿದ 63.5 ಇದ್ದರೆ ಮುಂದುವರಿಯಿರಿ. ಎಲ್ಲ ಅಗ್ಗದ ಮಾಡೆಲ್ಲಿನಲ್ಲೂ ಅಷ್ಟೇ ಇರುತ್ತದೆ ಅಂತಿಲ್ಲ. ಯಮಾಹಾದ ಹಿಮ್ಮಡಿ ಯಮಾಹಾದ್ದೇ, ಅದಕ್ಕೆ ಪರ ನೆಕ್ ಕೂರುವುದಿಲ್ಲ.

ಉಳಿದ ಹಣದಲ್ಲಿ ಮೊದಲು ಒಂದು ಸರಿಯಾದ ಸೆಟಪ್ (ನೆಕ್ಕಿನ ಬಾಗು, ತಂತಿಯ ಎತ್ತರ, ಸ್ಯಾಡಲ್ ಹೊಂದಿಸುವುದು), ಆಮೇಲೆ ತಂತಿ. ನಿಮಗೆ ಬೇಕಾದ ಆ ಪ್ರಿಸಿಷನ್ ದನಿ ಬಹುಪಾಲು ಚಪ್ಪಟೆ ಪಟ್ಟಿ ಸುತ್ತಿದ ನುಣುಪು ಫ್ಲ್ಯಾಟ್‌ವೌಂಡ್ ತಂತಿಯಲ್ಲಿದೆ. ಡೆಟ್ರಾಯ್ಟಿನ ಮೋಟೌನ್ ಕಂಪನಿಯ ಹಾಡುಗಳಲ್ಲಿ ಜೇಮ್ಸ್ ಜೇಮರ್ಸನ್ ನುಡಿಸಿದ 1962ರ ಪ್ರಿಸಿಷನ್ನಿನಲ್ಲಿ ಇದ್ದದ್ದು ಅಂಥದೇ ತಂತಿ. ಬಾಡಿಯ ಮರ ಯಾವುದು ಅಂತ ತಲೆ ಕೆಡಿಸಿಕೊಳ್ಳುವ ಮೊದಲು ತಂತಿ ಬದಲಿಸಿ ಕೇಳಿ.

ಕೈ ಚಿಕ್ಕದು ಅಂದಿರಿ. ಚಿಕ್ಕ ಕೈಗೆ ನಟ್ ಅಗಲಕ್ಕಿಂತ ಫ್ರೆಟ್ಟುಗಳ ನಡುವಿನ ದೂರ ಹೆಚ್ಚು ಕಾಡುತ್ತದೆ. 34 ಇಂಚಿನ ಸ್ಕೇಲಿನಲ್ಲಿ ಮೊದಲ ಫ್ರೆಟ್ ನಟ್‌ನಿಂದ 48.5 ಮಿಲಿಮೀಟರ್ ದೂರ, 30 ಇಂಚಿನದ್ದರಲ್ಲಿ 43ಕ್ಕೂ ತುಸು ಕಡಿಮೆ. 1966ರಲ್ಲಿ ಬಂದ ಮಸ್ಟಾಂಗ್ ಬೇಸ್, ಪಾಲ್ ಮೆಕಾರ್ಟ್ನಿ ಹಿಡಿದ ಹಾಫ್ನರ್ ಎಲ್ಲ ಈ ಗಿಡ್ಡ ಜಾತಿಯವು. ಆದರೆ ನೀವು ಇಷ್ಟು ದಿನ ಜಾಝ್ ಬೇಸ್ ನುಡಿಸಿದವರು, ಉದ್ದಕ್ಕೆ ಕೈ ಪಳಗಿದೆ. ಗಿಡ್ಡದರಲ್ಲಿ ಇ ತಂತಿ ಸಡಿಲ ಅನ್ನಿಸಬಹುದು. ಅಂಗಡಿಯಲ್ಲಿ ಇದ್ದರೆ ಒಮ್ಮೆ ಹಿಡಿದು ನೋಡಿ, ಅಷ್ಟೇ.

ಜೋಡಿಸುವುದು ಯಾರಿಗೂ ಬೇಡ ಅಂತ ನಾನು ಹೇಳುತ್ತಿಲ್ಲ. ಎಡಗೈಯವರಿಗೆ ಅಂಗಡಿಯಲ್ಲಿ ಆಯ್ಕೆಯೇ ಇಲ್ಲ, ಅವರು ಜೋಡಿಸಲಿ. ಮನೆಯಲ್ಲಿ ಒಂದು ಸತ್ತ ಗಿಟಾರಿನ ಒಳ್ಳೆಯ ನೆಕ್ ಉಳಿದಿದ್ದರೆ ಅದಕ್ಕೊಂದು ಬಾಡಿ ಹುಡುಕಲಿ. ಫ್ರೆಟ್ ಇಲ್ಲದ ಬೇಸ್ ಬೇಕಾದವರು ಹಳೆಯದೊಂದರ ಫ್ರೆಟ್ ಕಿತ್ತು ನೋಡಲಿ, ಹೆಸರಾಂತ ಬೇಸ್ ವಾದಕ ಜಾಕೋ ಪಾಸ್ಟೋರಿಯಸ್ ಫ್ರೆಟ್ ಇಲ್ಲದ ತಮ್ಮ ಜಾಝ್ ಬೇಸಿಗೆ ಎಪಾಕ್ಸಿ ಹಚ್ಚಿದ್ದರಲ್ಲ, ಹಾಗೆ. ಜೋಡಿಸುವ ಕೆಲಸವೇ ಬೇಕು, ಗಿಟಾರ್ ಆಮೇಲೆ ಅನ್ನುವವರಂತೂ ಜೋಡಿಸಲೇಬೇಕು. ನಿಮಗೆ ಬೇಕಿರುವುದು ಮುಂದಿನ ಭಾನುವಾರ ನುಡಿಸುವ ಗಿಟಾರ್.

ಇನ್ನು ಬೀಟೆ ತೊಲೆ. ಒಣಗಿದ ಬೀಟೆ ಘನ ಅಡಿಗೆ ಹೆಚ್ಚುಕಡಿಮೆ 24 ಕೆಜಿ ತೂಗುತ್ತದೆ. ಬೇಸ್ ಬಾಡಿ ಮಾಡುವ ಆಲ್ಡರ್ ಮರ 13 ಕೆಜಿ ಆಸುಪಾಸು. ಎರಡು ಕೆಜಿ ಇರಬೇಕಾದ ಬಾಡಿ ನಾಲ್ಕು ಕೆಜಿ ಮುಟ್ಟುತ್ತದೆ. ಮೂರು ತಾಸಿನ ರಸಮಂಜರಿ ಮುಗಿಯುವ ಹೊತ್ತಿಗೆ ಹೆಗಲು ಕೇಳುತ್ತದೆ. ಫೆಂಡರ್ 1968ರಲ್ಲಿ ಜಾರ್ಜ್ ಹ್ಯಾರಿಸನ್‌ಗೆಂದು ಪೂರ್ತಿ ರೋಸ್‌ವುಡ್ಡಿನ (ಬೀಟೆ ಜಾತಿಯ ಮರ) ಟೆಲಿಕಾಸ್ಟರ್ ಗಿಟಾರ್ ಮಾಡಿತು, ಆಮೇಲೆ ಮಾರಾಟಕ್ಕೆ ಮಾಡಿದವುಗಳಲ್ಲಿ ಭಾರ ತಗ್ಗಿಸಲು ಒಳಗೆ ಟೊಳ್ಳು ಮಾಡಬೇಕಾಯಿತು. ಬಾಡಿ ಮಾಡಿಸಲೇಬೇಕು ಅಂತಿದ್ದರೆ ಶಿವನೆ ಮರ ನೋಡಿ, ಹಗುರ, ಒಣಗಿದ ಮೇಲೆ ಸೊಟ್ಟಗಾಗುವುದು ಕಡಿಮೆ.

ಬೀಟೆಯ ನಿಜವಾದ ಜಾಗ ನೆಕ್ಕಿನ ಮೇಲೆ ಬೆರಳು ಒತ್ತುವ ಹಲಗೆ, ಫಿಂಗರ್‌ಬೋರ್ಡ್. ಜಗತ್ತಿನ ಎಷ್ಟೋ ಗಿಟಾರುಗಳ ನೆಕ್ಕಿನ ಮೇಲೆ ಇಂಡಿಯನ್ ರೋಸ್‌ವುಡ್ ಅಂತ ಅಂಟಿಕೊಂಡಿರುವುದು ನಮ್ಮ ಇದೇ ಮರ. 2017ರ ಜನವರಿಯಲ್ಲಿ ಈ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಕಡ್ಡಾಯವಾದಾಗ ಕಂಪನಿಗಳು ಬೇರೆ ಮರ ಹುಡುಕಿದವು. ಸಿದ್ಧ ವಾದ್ಯಗಳಿಗೆ 2019ರ ನವೆಂಬರಿನಲ್ಲಿ ವಿನಾಯಿತಿ ಸಿಕ್ಕಿತು, ಅಷ್ಟರೊಳಗೆ ಸ್ಕ್ವಾಯರ್‌ನವರ ಬೋರ್ಡಿನ ಮೇಲೆ ಇಂಡಿಯನ್ ಲಾರೆಲ್ ಬಂದು ಕೂತಿತ್ತು. ಅದು ಯಾವುದು ಅಂತ ಹುಡುಕಿದರೆ ನಮ್ಮ ಮತ್ತಿ ಮರ! ಯಲ್ಲಾಪುರದ ಕಾಡಿನಲ್ಲಿ ಮೊಸಳೆ ಬೆನ್ನಿನಂಥ ತೊಗಟೆ ಇಟ್ಟುಕೊಂಡು ನಿಂತಿರುತ್ತದಲ್ಲ, ಅದೇ.

ತೊಲೆಯನ್ನು ಮಾರುವ ಯೋಚನೆ ಮಾಡಬೇಡಿ, ಸಾಗಿಸುವುದಾದರೆ ಅರಣ್ಯ ಇಲಾಖೆಯ ಕಾಗದ ಕೇಳುತ್ತಾರೆ. ಅದರಿಂದ ಒಂದು ಗೇಣು ಉದ್ದದ, ಬೆರಳು ದಪ್ಪದ ಚೂರು ಕೊಯ್ಸಿ. ಹಳೆಯ ಪ್ರಿಸಿಷನ್ನುಗಳಲ್ಲಿ ಜಿ ತಂತಿಯ ಕೆಳಗೆ ಬೆರಳು ಊರಲು ಒಂದು ಸಣ್ಣ ಪಟ್ಟಿ ಇರುತ್ತಿತ್ತು. ಹೆಬ್ಬೆರಳಿನಿಂದ ನುಡಿಸುವಾಗ ಉಳಿದ ಬೆರಳುಗಳಿಗೆ ಅದೇ ಹಿಡಿ. 1970ರ ದಶಕದಲ್ಲಿ ಅದನ್ನು ಇ ತಂತಿಯ ಮೇಲ್ಬದಿಗೆ ಸರಿಸಿ ಹೆಬ್ಬೆರಳು ಇಡುವ ಜಾಗ ಮಾಡಿದರು. ಅಜ್ಜನ ಮನೆಯ ಬೀಟೆಯಲ್ಲಿ ಅಂಥದೊಂದು ಪಟ್ಟಿ ಮಾಡಿಸಿ, ನುಣುಪಾಗಿ ಉಜ್ಜಿ, ಎರಡು ಸ್ಕ್ರೂ ಹಾಕಿ ಕೂರಿಸಿಕೊಳ್ಳಿ. ತೂತು ಕೊರೆಯುವ ಮೊದಲು ಪಟ್ಟಿಯನ್ನು ಡಬಲ್ ಟೇಪಿನಲ್ಲಿ ಅಂಟಿಸಿ ಒಂದು ವಾರ ನುಡಿಸಿ ನೋಡಿ, ಹೆಬ್ಬೆರಳು ಎಲ್ಲಿ ಬಂದು ಕೂರುತ್ತದೋ ಅಲ್ಲಿ ಗುರುತು ಹಾಕಿ.